ಗ್ಯಾಸನ್ನು ಬೇರೆ ಕಡೆಗೆ ತಿರುಗಿಸಲು ಅದೇನು ಲಾರಿಯೇ?

ಪ್ರಶ್ನೆ: ಯುದ್ಧ ನಡೆಯುತ್ತಿದ್ದಾಗಲೂ ರಷ್ಯಾದ ಗ್ಯಾಸ್ ಉಕ್ರೇನಿನ ನೆಲದ ಮೂಲಕವೇ ಯುರೋಪಿಗೆ ಹೋಗುತ್ತಿತ್ತಂತೆ. ಇದು ನಿಜವೇ? ನಿಜವಾದರೆ ಉಕ್ರೇನ್ ಅದನ್ನು ತಡೆಯಲಿಲ್ಲವೇಕೆ? ರಷ್ಯಾವಾದರೂ ಶತ್ರುಗಳ ಸಹವಾಸ ಬೇಡವೆಂದು ಆ ಗ್ಯಾಸನ್ನು ಚೀನಾಕ್ಕೋ ನಮಗೋ ಕೊಡಬಹುದಿತ್ತಲ್ಲ?

ಉತ್ತರ: ನಿಜ. ಯುದ್ಧ ಶುರುವಾದದ್ದು 2022ರ ಫೆಬ್ರುವರಿ 24ರಂದು. ಉಕ್ರೇನಿನ ಕೊಳವೆಯಲ್ಲಿ ರಷ್ಯಾದ ಗ್ಯಾಸ್ ನಿಂತದ್ದು 2025ರ ಜನವರಿ 1ರ ಬೆಳಗ್ಗೆ. ನಡುವಿನ ಎರಡು ವರ್ಷ ಹತ್ತು ತಿಂಗಳು ಒಂದೇ ನೆಲದ ಮೇಲೆ ಕ್ಷಿಪಣಿ ಬೀಳುತ್ತಿತ್ತು, ಅಡಿಯಲ್ಲಿ ಗ್ಯಾಸ್ ಹರಿಯುತ್ತಿತ್ತು. ಇದನ್ನು ಕೇಳಿದ ಕೂಡಲೇ "ಹಾಗಾದರೆ ಯುದ್ಧವೇ ನಾಟಕ" ಎನ್ನುವವರಿದ್ದಾರೆ. ಸತ್ತವರ ಲೆಕ್ಕ ನಾಟಕವಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಮೊದಲ ಅರ್ಧಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ. ಇನ್ನೊಮ್ಮೆ, ಚಿಕ್ಕದಾಗಿ. 2019ರ ಡಿಸೆಂಬರ್ 30ರಂದು ರಷ್ಯಾದ ಗಾಜ್‌ಪ್ರಾಮ್ ಮತ್ತು ಉಕ್ರೇನಿನ ನಾಫ್ಟೊಗಾಜ್ ಎಂಬ ಗ್ಯಾಸ್ ಕಂಪನಿಗಳು ಐದು ವರ್ಷದ ಸಾಗಣೆ ಒಪ್ಪಂದಕ್ಕೆ ಸಹಿ ಹಾಕಿದವು. ಮೊದಲ ವರ್ಷ 6,500 ಕೋಟಿ ಘನ ಮೀಟರ್, ಆಮೇಲೆ ವರ್ಷಕ್ಕೆ 4,000 ಕೋಟಿ. ಉಕ್ರೇನಿಗೆ ವರ್ಷಕ್ಕೆ ಸುಮಾರು 80 ಕೋಟಿ ಡಾಲರ್ ಸಾಗಣೆ ಶುಲ್ಕ ಬರುತ್ತಿತ್ತು. ಗಾಜ್‌ಪ್ರಾಮ್‌ಗೆ ಕೊನೆಯ ವರ್ಷದಲ್ಲಿ ಈ ದಾರಿಯ ಮಾರಾಟದಿಂದ ಸುಮಾರು 500 ಕೋಟಿ ಡಾಲರ್. ಶತ್ರುವಿಗೆ ಹೆಚ್ಚು, ತನಗೆ ಕಡಿಮೆ. ಆದರೂ ಉಕ್ರೇನ್ ಬಿಟ್ಟುಕೊಂಡದ್ದೇಕೆಂದರೆ, ಆ ಕೊಳವೆಯ ಇನ್ನೊಂದು ತುದಿಯಲ್ಲಿ ಇದ್ದವರು ಸ್ಲೊವಾಕಿಯಾ, ಆಸ್ಟ್ರಿಯಾ, ಹಂಗರಿ, ಮಾಲ್ಡೋವಾ. ಮೊದಲ ಮೂವರು ಯುರೋಪ್ ಒಕ್ಕೂಟದವರು. ಯಾರಿಂದ ಮದ್ದುಗುಂಡು ಮತ್ತು ಸಾಲ ಬೇಕೋ ಆ ಒಕ್ಕೂಟದವರ ಮನೆಯ ಒಲೆಯನ್ನು ಚಳಿಗಾಲದಲ್ಲಿ ಆರಿಸುವುದು ಜಾಣತನವಲ್ಲ. ಯುರೋಪ್ ಒಕ್ಕೂಟವೂ ಅಷ್ಟೇ. ರಷ್ಯಾದ ಕಲ್ಲಿದ್ದಲನ್ನು 2022ರ ಆಗಸ್ಟಿನಲ್ಲಿ, ಹಡಗಿನಲ್ಲಿ ಬರುವ ಕಚ್ಚಾ ತೈಲವನ್ನು ಅದೇ ಡಿಸೆಂಬರಿನಲ್ಲಿ ನಿಷೇಧಿಸಿತು. ಗ್ಯಾಸಿನ ತಂಟೆಗೆ ಮಾತ್ರ ಆಗ ಹೋಗಲಿಲ್ಲ. ಇನ್ನು ಉಕ್ರೇನ್ ಏನನ್ನೂ ನಿಲ್ಲಿಸಲಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ತನ್ನ ಹಿಡಿತ ತಪ್ಪಿದ ಸೊಖ್ರಾನಿವ್ಕಾ ಪ್ರವೇಶ ಕೇಂದ್ರವನ್ನು ಅದು 2022ರ ಮೇ ತಿಂಗಳಲ್ಲೇ ಮುಚ್ಚಿತ್ತು. ಉಳಿದದ್ದು ರಷ್ಯಾದ ಕುರ್ಸ್ಕ್ ಪ್ರಾಂತ್ಯದ ಸುಜಾ ಎಂಬ ಊರಿನ ದಾರಿ ಒಂದೇ.

ಇಲ್ಲಿಗೆ ಮೊದಲ ಅರ್ಧ ಮುಗಿಯಿತು. ನನಗೆ ತಲೆನೋವು ತರುವುದು ಎರಡನೆಯ ಅರ್ಧ. "ಚೀನಾಕ್ಕೋ ನಮಗೋ ಕೊಡಬಹುದಿತ್ತಲ್ಲ?"

ಈ ನಂಬಿಕೆ ಎಷ್ಟು ಗಟ್ಟಿಯೆಂದರೆ, ಓದಿದವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಒಬ್ಬಿಬ್ಬರು ಎಂಜಿನಿಯರುಗಳು ಸಹ ನನ್ನ ಮುಂದೆ ಇದನ್ನೇ ವಾದಿಸಿದ್ದಾರೆ. ಅವರ ವಾದ ಹೀಗಿರುತ್ತದೆ: ಯುರೋಪ್ ರಷ್ಯಾದ ತೈಲವನ್ನು ಬೇಡವೆಂದಿತು, ರಷ್ಯಾ ಅದನ್ನು ಭಾರತಕ್ಕೆ ಮಾರಿತು. ಯುದ್ಧಕ್ಕೆ ಮೊದಲು ನಮ್ಮ ಆಮದಿನಲ್ಲಿ ರಷ್ಯಾದ ತೈಲ ನೂರಕ್ಕೆ ಎರಡರಷ್ಟಿದ್ದದ್ದು ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗ ದಾಟಿತು. ತೈಲಕ್ಕೆ ಆದದ್ದು ಗ್ಯಾಸಿಗೇಕೆ ಆಗಬಾರದು?

ಏಕೆಂದರೆ ತೈಲ ಹಡಗು ಹತ್ತುತ್ತದೆ. ಬಾಲ್ಟಿಕ್ ಕಡಲಿನ ಬಂದರಿನಲ್ಲಿ ತುಂಬಿದ ಹಡಗಿನ ನಾಯಕನಿಗೆ ರಾಟರ್‌ಡಾಮ್ ಬದಲು ಮಂಗಳೂರಿಗೆ ಹೋಗು ಎಂದರೆ ದಿನಗಳು ಹೆಚ್ಚಾಗುತ್ತವೆ, ಬಾಡಿಗೆ ಏರುತ್ತದೆ, ವಿಮೆಯ ರಗಳೆ ಇರುತ್ತದೆ; ಆದರೆ ಹಡಗು ತಿರುಗುತ್ತದೆ. ಬಂದ ತೈಲವನ್ನು ಎಂಆರ್‌ಪಿಎಲ್ ಶುದ್ಧೀಕರಿಸುತ್ತದೆ. ಕೂಡಲೇ ಬೇಡವಾದರೆ ತೈಲವನ್ನು ಕೂಡಿಡಲೂಬಹುದು. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ 25 ಲಕ್ಷ ಟನ್ ಹಿಡಿಸುತ್ತದೆ.

ಗ್ಯಾಸಿಗೆ ಈ ಸೌಕರ್ಯ ಯಾವುದೂ ಇಲ್ಲ. ಬೆಂಗಳೂರಿನವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳುತ್ತೇನೆ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಪಂಪಾಗಿ ಸುಮಾರು ನೂರು ಕಿಲೋಮೀಟರ್ ಕೊಳವೆಯಲ್ಲಿ ನಿಮ್ಮ ನಲ್ಲಿಗೆ ಬರುತ್ತದೆ. ನಾಳೆ ಬೆಂಗಳೂರಿನವರೆಲ್ಲ ಸೇರಿ ನಮಗೆ ಈ ನೀರು ಬೇಡ ಎಂದರು ಅಂದುಕೊಳ್ಳಿ. ಸರಿ, ಹಾಗಾದರೆ ನಾಡಿದ್ದಿನಿಂದ ಕಲಬುರಗಿಗೆ ಬಿಡೋಣ ಎಂದು ಯಾರಾದರೂ ಹೇಳಿದರೆ ನೀವು ನಗುವುದಿಲ್ಲವೇ? ಕೊಳವೆ ಇರುವುದು ಬೆಂಗಳೂರಿಗೆ. ಕಲಬುರಗಿಗೆ ಬೇಕೆಂದರೆ ಬೇರೆ ಕೊಳವೆ ಹಾಕಬೇಕು, ಇಲ್ಲವೇ ಟ್ಯಾಂಕರ್ ತುಂಬಬೇಕು. ಟ್ಯಾಂಕರ್ ನೀರಿನ ದರ ಬೆಂಗಳೂರಿನವರಿಗೆ ನಾನು ಹೇಳಬೇಕಾಗಿಲ್ಲ.

ಸೈಬೀರಿಯಾದ ಗ್ಯಾಸಿನ ಕಥೆ ಇದಕ್ಕಿಂತ ಒಂದಿಷ್ಟೂ ಬೇರೆಯಲ್ಲ. ಯುರೋಪಿಗೆ ಹೋಗುತ್ತಿದ್ದ ಗ್ಯಾಸ್ ಬರುವುದು ಉರೆಂಗೋಯ್, ಯಮಾಲ್ ಕಡೆಯ ಬಾವಿಗಳಿಂದ. ಅದು ಪಶ್ಚಿಮ ಸೈಬೀರಿಯಾ, ಉತ್ತರ ಧ್ರುವ ವೃತ್ತದ ಆಸುಪಾಸು. ಅಲ್ಲಿಂದ ಹೊರಟ ಕೊಳವೆಗಳೆಲ್ಲ ಪಶ್ಚಿಮಕ್ಕೇ ಮುಖ ಮಾಡಿವೆ. ಚೀನಾಕ್ಕೂ ರಷ್ಯಾದ ಕೊಳವೆ ಇದೆಯಲ್ಲ ಎನ್ನುತ್ತೀರಿ. ಇದೆ, ಅದರ ಹೆಸರು ಪವರ್ ಆಫ್ ಸೈಬೀರಿಯಾ. 2014ರಲ್ಲಿ ಶಾಂಘೈಯಲ್ಲಿ ಒಪ್ಪಂದವಾಗಿ 2019ರ ಡಿಸೆಂಬರಿನಲ್ಲಿ ಶುರುವಾಯಿತು. ಆದರೆ ಅದರ ಗ್ಯಾಸ್ ಬರುವುದು ಪೂರ್ವ ಸೈಬೀರಿಯಾದ ಚಯಾಂಡಾ ಮತ್ತು ಕೊವಿಕ್ತಾ ಬಾವಿಗಳಿಂದ. ಆ ಬಾವಿಗಳಿಗೂ ಉರೆಂಗೋಯ್‌ಗೂ ನಡುವೆ ಕೊಂಡಿಯೇ ಇಲ್ಲ. ಯುರೋಪಿನವರು ಬೇಡವೆಂದ ಗ್ಯಾಸಿನ ಒಂದು ಗುಳ್ಳೆಯೂ ಆ ಕೊಳವೆಯಲ್ಲಿ ಚೀನಾಕ್ಕೆ ಹೋಗಲಾರದು. ಅಲ್ಲದೆ ಅದರ ಪೂರ್ಣ ಸಾಮರ್ಥ್ಯವೇ ವರ್ಷಕ್ಕೆ 3,800 ಕೋಟಿ ಘನ ಮೀಟರ್. 2021ರಲ್ಲಿ ಯುರೋಪ್ ಒಕ್ಕೂಟ ರಷ್ಯಾದಿಂದ ತರಿಸಿಕೊಂಡದ್ದು ಸುಮಾರು 15,500 ಕೋಟಿ.

ಪಶ್ಚಿಮ ಸೈಬೀರಿಯಾದ ಬಾವಿಗಳಿಂದ ಚೀನಾಕ್ಕೆ ಕೊಳವೆ ಹಾಕುವ ಯೋಜನೆ ಕಾಗದದ ಮೇಲಿದೆ. ಪವರ್ ಆಫ್ ಸೈಬೀರಿಯಾ 2 ಎಂದು ಹೆಸರು, ಮಂಗೋಲಿಯಾದ ಮೂಲಕ ವರ್ಷಕ್ಕೆ 5,000 ಕೋಟಿ ಘನ ಮೀಟರ್. 2025ರ ಸೆಪ್ಟೆಂಬರಿನಲ್ಲಿ ತಿಳಿವಳಿಕೆ ಪತ್ರಕ್ಕೆ ಸಹಿಯಾಯಿತೆಂದು ಗಾಜ್‌ಪ್ರಾಮ್ ಸಡಗರದಿಂದ ಹೇಳಿತು. ಗ್ಯಾಸಿನ ಬೆಲೆ ಎಷ್ಟೆಂಬುದು ಮಾತ್ರ ಆಗಲೂ ತೀರ್ಮಾನವಾಗಿರಲಿಲ್ಲ. ಚೀನಾಕ್ಕೆ ಅವಸರವೇಕೆ? ಸಂತೆ ಮುಗಿಯುವ ಹೊತ್ತಿಗೆ ಸೊಪ್ಪಿನ ಗಾಡಿಯ ಮುಂದೆ ನಿಂತ ಗಿರಾಕಿ ಅದು. ಕಾದಷ್ಟೂ ಬೆಲೆ ಇಳಿಯುತ್ತದೆಂದು ಅದಕ್ಕೆ ಗೊತ್ತು.

ಹಾಗಾದರೆ ಮಾರಾಟವಾಗದ ಗ್ಯಾಸ್ ಏನಾಯಿತು? ಬಹುಪಾಲು ನೆಲದೊಳಗೇ ಉಳಿಯಿತು. ಸ್ವಲ್ಪ ಸುಟ್ಟುಹೋಯಿತು. 2022ರ ಬೇಸಿಗೆಯಲ್ಲಿ ಫಿನ್ಲೆಂಡ್ ಗಡಿಗೆ ಹತ್ತಿರದ ಪೋರ್ಟೊವಾಯಾ ಎಂಬಲ್ಲಿ ದೊಡ್ಡ ಜ್ವಾಲೆಯೊಂದು ವಾರಗಟ್ಟಲೆ ಉರಿಯಿತು. ಗಡಿಯಾಚೆಯ ಫಿನ್ಲೆಂಡಿನವರಿಗೂ ಕಾಣುವಷ್ಟು. ದಿನಕ್ಕೆ ಸುಮಾರು ಒಂದು ಕೋಟಿ ಡಾಲರ್ ಬೆಲೆಯ ಗ್ಯಾಸ್ ಎಂದು ತಜ್ಞರು ಅಂದಾಜು ಮಾಡಿದರು. ತಿರುಗಿಸುವುದು ಅಷ್ಟು ಸುಲಭವಿದ್ದರೆ ಯಾರಾದರೂ ಸುಡುತ್ತಿದ್ದರೇ? 2023ರಲ್ಲಿ ಗಾಜ್‌ಪ್ರಾಮ್ 62,900 ಕೋಟಿ ರೂಬಲ್ ನಷ್ಟ ತೋರಿಸಿತು. 1999ರ ನಂತರ ಆ ಕಂಪನಿ ಇಡೀ ವರ್ಷಕ್ಕೆ ನಷ್ಟ ಕಂಡದ್ದು ಅದೇ ಮೊದಲು.

ಇಷ್ಟು ಹೇಳಿದ ಮೇಲೂ ಒಬ್ಬರು ಕೇಳುತ್ತಾರೆ: "ಸಾರ್, ಕೊಳವೆ ಇಲ್ಲದಿದ್ದರೇನು, ಸಿಲಿಂಡರಿನಲ್ಲಿ ತುಂಬಿ ಕಳಿಸಬಹುದಲ್ಲ?"

ಈ ಪ್ರಶ್ನೆ ಕೇಳಿ ಹಿಂದೆ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ಏಕೆಂದರೆ ಇಡೀ ತಪ್ಪು ತಿಳಿವಳಿಕೆಯ ಬೇರು ಇಲ್ಲೇ ಇದೆ ಎಂದು ನನಗೆ ತಡವಾಗಿ ಹೊಳೆಯಿತು. ನಮ್ಮ ಭಾಷೆಯಲ್ಲಿ ಗ್ಯಾಸ್ ಎಂದರೆ ಅಡುಗೆಮನೆಯ ಕೆಂಪು ಸಿಲಿಂಡರ್. ಅದರಲ್ಲಿರುವುದು ಎಲ್‌ಪಿಜಿ, ಅಂದರೆ ಪ್ರೊಪೇನ್ ಮತ್ತು ಬ್ಯುಟೇನ್. ಇವು ಬಹಳ ಸಾಧು. ಮನೆಯೊಳಗಿನ ಉಷ್ಣತೆಯಲ್ಲೇ ಸ್ವಲ್ಪ ಒತ್ತಿದರೆ ದ್ರವವಾಗಿಬಿಡುತ್ತವೆ. ಸಿಲಿಂಡರ್ ಅಲುಗಾಡಿಸಿದಾಗ ಒಳಗೆ ನೀರಿನಂತೆ ತುಳುಕುವುದು ಅದಕ್ಕೇ. ಸೈಬೀರಿಯಾದ ನೈಸರ್ಗಿಕ ಅನಿಲ ಮೀಥೇನ್. ಅದು ಮೈನಸ್ 82 ಡಿಗ್ರಿಗಿಂತ ಕೆಳಗೆ ತಣಿಯುವವರೆಗೆ ನೀವು ಬೆಟ್ಟವನ್ನೇ ತಂದು ಮೇಲಿಟ್ಟರೂ ದ್ರವವಾಗುವುದಿಲ್ಲ. ಸಾಮಾನ್ಯ ಒತ್ತಡದಲ್ಲಿ ದ್ರವವಾಗಿರಬೇಕಾದರೆ ಸುಮಾರು ಮೈನಸ್ 162 ಡಿಗ್ರಿ ಬೇಕು. ಹಾಗೆ ತಣಿಸಿದಾಗ ಆರುನೂರು ಪಾಲಿನ ಜಾಗ ಒಂದು ಪಾಲಿಗೆ ಇಳಿಯುತ್ತದೆ, ಅದೇ ಎಲ್‌ಎನ್‌ಜಿ. ಬೆಂಗಳೂರಿನ ಆಟೋಗಳಲ್ಲಿರುವ ಸಿಎನ್‌ಜಿ ಎಂದರೆ ಇದೇ ಮೀಥೇನನ್ನು ಸುಮ್ಮನೆ ಅದುಮಿ ತುಂಬಿದ್ದು, ದ್ರವವಲ್ಲ. ಅದಕ್ಕೇ ಅಷ್ಟು ದೊಡ್ಡ ಸಿಲಿಂಡರ್ ಹೊತ್ತರೂ ಗಾಡಿ ಬೇಗ ಬಂಕಿನ ಕಡೆ ನೋಡುತ್ತದೆ.

ಎಲ್‌ಎನ್‌ಜಿ ಮಾಡಲು ಕಡಲತೀರದಲ್ಲಿ ದೈತ್ಯ ಶೀತಲೀಕರಣ ಸ್ಥಾವರ ಬೇಕು, ಥರ್ಮಾಸ್ ಫ್ಲಾಸ್ಕಿನಂಥ ಹಡಗು ಬೇಕು, ಇಳಿಯುವ ಕಡೆ ಮತ್ತೆ ಅನಿಲವಾಗಿಸುವ ಟರ್ಮಿನಲ್ ಬೇಕು. ರಷ್ಯಾಕ್ಕೆ ಇವು ಇಲ್ಲವೆಂದಲ್ಲ, ಸಖಾಲಿನ್ ಮತ್ತು ಯಮಾಲ್‌ನಲ್ಲಿ ಇವೆ. ಆದರೆ ಅವು ಆಗಲೇ ತಮ್ಮ ಪಾಲಿನ ಗ್ಯಾಸನ್ನು ತುಂಬಿಸಿ ಕಳಿಸುತ್ತಿದ್ದವು. ಯುರೋಪಿನ ಪಾಲಿನದನ್ನು ಅಲ್ಲಿ ತುರುಕಲು ಜಾಗವಿರಲಿಲ್ಲ. ಹೊಸದಾಗಿ ಕಟ್ಟಿದ ಆರ್ಕ್ಟಿಕ್ ಎಲ್‌ಎನ್‌ಜಿ 2 ಸ್ಥಾವರದ ಮೇಲೆ 2023ರ ನವೆಂಬರಿನಲ್ಲಿ ಅಮೆರಿಕ ನಿರ್ಬಂಧ ಹೇರಿತು.

ಇನ್ನು "ನಮಗೋ" ಎಂದಿರಲ್ಲ. ರಷ್ಯಾದ ಗ್ಯಾಸ್ ನಮಗೆ ಬರುವ ಒಪ್ಪಂದ ಮೊದಲೇ ಇತ್ತು, ಅದೂ ಈ ಯುದ್ಧದಲ್ಲೇ ಕೆಟ್ಟಿತು ಎಂದರೆ ನಂಬುತ್ತೀರಾ? ನಮ್ಮ ಗೇಲ್ ಸಂಸ್ಥೆ 2012ರಲ್ಲಿ ಗಾಜ್‌ಪ್ರಾಮ್‌ನ ಒಂದು ಅಂಗಸಂಸ್ಥೆಯ ಜೊತೆ 20 ವರ್ಷಕ್ಕೆ ಎಲ್‌ಎನ್‌ಜಿ ಒಪ್ಪಂದ ಮಾಡಿಕೊಂಡಿತ್ತು. 2022ರ ಏಪ್ರಿಲಿನಲ್ಲಿ ಜರ್ಮನಿ ಸರಕಾರ ತನ್ನ ನೆಲದಲ್ಲಿದ್ದ ಗಾಜ್‌ಪ್ರಾಮ್ ಜರ್ಮೇನಿಯಾವನ್ನು ವಶಕ್ಕೆ ತೆಗೆದುಕೊಂಡಿತು. ನಮ್ಮ ಒಪ್ಪಂದದ ಅಂಗಸಂಸ್ಥೆ ಅದರ ಕೆಳಗಿತ್ತು. ಬರಬೇಕಾದ ಹಡಗುಗಳು ಬರಲಿಲ್ಲ. ಗೇಲ್ ಗೊಬ್ಬರ ಕಾರ್ಖಾನೆಗಳಿಗೂ ಸರಬರಾಜು ಕಡಿತ ಮಾಡಬೇಕಾಯಿತು. ಕಾನೂನು ಹೋರಾಟ ನಡೆದು 2025ರ ಜನವರಿಯಲ್ಲಿ 28.5 ಕೋಟಿ ಡಾಲರಿಗೆ ರಾಜಿಯಾಯಿತು.

ಅದೇ 2022ರ ಆಗಸ್ಟಿನಲ್ಲಿ ಯುರೋಪಿನಲ್ಲಿ ಗ್ಯಾಸಿನ ಸಗಟು ಬೆಲೆ ಮೆಗಾವ್ಯಾಟ್-ಗಂಟೆಗೆ 300 ಯೂರೋ ದಾಟಿತ್ತು. ಜಗತ್ತಿನಲ್ಲಿ ಬಿಡಿಯಾಗಿ ಮಾರಾಟಕ್ಕಿದ್ದ ಎಲ್‌ಎನ್‌ಜಿ ಹಡಗುಗಳೆಲ್ಲ ಆ ಬೆಲೆಯ ಹಿಂದೆ ಹೋದವು. ಜುಲೈಯಲ್ಲಿ ಪಾಕಿಸ್ತಾನ ಹತ್ತು ಹಡಗು ಎಲ್‌ಎನ್‌ಜಿಗೆ ಟೆಂಡರ್ ಕರೆದರೆ ಒಬ್ಬರೂ ಬರಲಿಲ್ಲ. ಬಾಂಗ್ಲಾದೇಶ ಬಿಡಿ ಖರೀದಿಯನ್ನೇ ಕೈಬಿಟ್ಟು ವಿದ್ಯುತ್ ಕಡಿತಕ್ಕೆ ಇಳಿಯಿತು. ಯುರೋಪ್ ರಷ್ಯಾದ ಕೈ ಬಿಟ್ಟ ಸಾಹಸದ ಬಗ್ಗೆ ಬರೆಯುವವರು ಢಾಕಾದ ಕತ್ತಲೆಯ ಬಗ್ಗೆ ಒಂದು ಸಾಲನ್ನಾದರೂ ಸೇರಿಸಬೇಕೆಂಬುದು ನನ್ನ ಹಟ.

ಇಷ್ಟು ಬರೆಯುವಾಗ ಯಾರೂ ಕೇಳದ ಇನ್ನೊಂದು ವಿಷಯ ನೆನಪಾಯಿತು. ಯುರೋಪಿನವರು ಇಂಥ ಕೊಳವೆಗೆ ಕೊರಳೊಡ್ಡುವಾಗ ಯಾರೂ ಎಚ್ಚರಿಸಲಿಲ್ಲವೇ? ಎಚ್ಚರಿಸಿದ್ದರು. ಸುಜಾ ಮೂಲಕ ಹಾಯುವ ಉರೆಂಗೋಯ್–ಪೊಮಾರಿ–ಉಜ್‌ಗೊರೊಡ್ ಕೊಳವೆ ಸೋವಿಯತ್ ಕಾಲದ್ದು, ಉದ್ದ 4,451 ಕಿಲೋಮೀಟರ್. ಅದಕ್ಕೆ ಯುರೋಪಿನ ಬ್ಯಾಂಕುಗಳ ಸಾಲ, ಯುರೋಪಿನ ಉಕ್ಕು, ಅಮೆರಿಕದ ಪರವಾನಗಿಯ ಟರ್ಬೈನುಗಳು ಬೇಕಾಗಿದ್ದವು. 1981ರ ಡಿಸೆಂಬರಿನಲ್ಲಿ ಪೋಲೆಂಡಿನಲ್ಲಿ ಸೇನಾ ಕಾನೂನು ಜಾರಿಯಾದದ್ದೇ ನೆಪವಾಗಿ ಅಧ್ಯಕ್ಷ ರೇಗನ್ ಅಮೆರಿಕದ ಕಂಪನಿಗಳು ಸಾಮಗ್ರಿ ಕೊಡದಂತೆ ತಡೆದರು. 1982ರ ಜೂನಿನಲ್ಲಿ ಆ ತಡೆಯನ್ನು ಯುರೋಪಿನಲ್ಲಿದ್ದ ಅಂಗಸಂಸ್ಥೆಗಳಿಗೂ ವಿಸ್ತರಿಸಿದರು. ಆಗ ಸಿಟ್ಟೆದ್ದವರು ಮಾಸ್ಕೋದವರಷ್ಟೇ ಅಲ್ಲ. ಫ್ರಾನ್ಸ್ ಸರಕಾರ ತನ್ನ ನೆಲದ ಕಂಪನಿಗೆ ಮಾಲು ಕಳಿಸಲೇಬೇಕೆಂದು ಆಜ್ಞೆ ಮಾಡಿತು. ರೇಗನ್ ಅವರ ಆಪ್ತೆ ಎನಿಸಿದ್ದ ಥ್ಯಾಚರ್ ಕೂಡ, ಸ್ಕಾಟ್ಲೆಂಡಿನಲ್ಲಿ ಟರ್ಬೈನ್ ಮಾಡುತ್ತಿದ್ದವರ ಕೆಲಸ ಹೋಗುತ್ತದೆಂದು ಬಹಿರಂಗವಾಗಿ ವಿರೋಧಿಸಿದರು. ನವೆಂಬರಿನಲ್ಲಿ ರೇಗನ್ ತಡೆಯನ್ನು ಹಿಂತೆಗೆದುಕೊಂಡರು. ಎರಡು ವರ್ಷದೊಳಗೆ ಗ್ಯಾಸ್ ಹರಿಯತೊಡಗಿತು, ನಾಲ್ಕು ದಶಕ ಹರಿಯಿತು.

ರೇಗನ್ ಕಂಡದ್ದು ಸರಿ ಎನ್ನುವವರು ಈಗ ಬಹಳ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಸೋವಿಯತ್ ಒಕ್ಕೂಟ ಮುರಿದು ಬೀಳುವಾಗಲೂ ಆ ಕೊಳವೆ ನಿಲ್ಲಲಿಲ್ಲ. ಕೊಳವೆಗೆ ಎರಡು ತುದಿ. ಕೊಳ್ಳುವವನು ಎಷ್ಟು ಬಂಧಿಯೋ ಮಾರುವವನೂ ಅಷ್ಟೇ ಬಂಧಿ, ಗಾಜ್‌ಪ್ರಾಮ್‌ನ ಲೆಕ್ಕಪುಸ್ತಕ ಅದನ್ನು ತೋರಿಸಿತು. ಕೆಟ್ಟದ್ದು 2006 ಮತ್ತು 2009ರ ಜನವರಿಗಳಲ್ಲಿ, ಬೆಲೆಯ ಜಗಳಕ್ಕೆ ಚಳಿಗಾಲದಲ್ಲೇ ಗ್ಯಾಸ್ ನಿಂತಾಗ. ಆಮೇಲೆ ಜರ್ಮನಿ ಮಾಡಿದ್ದೇನು? ಉಕ್ರೇನನ್ನು ಬಳಸಿಹೋಗಲು ಕಡಲಡಿಯಲ್ಲಿ ಇನ್ನೂ ಎರಡು ಕೊಳವೆ ಯೋಜನೆಗಳಿಗೆ ಅನುಮತಿ ಕೊಟ್ಟಿತು. ಆದರೆ ಸ್ವಂತಕ್ಕೆ ಒಂದು ಎಲ್‌ಎನ್‌ಜಿ ಟರ್ಮಿನಲ್ ಕಟ್ಟಲಿಲ್ಲ. ಅವರ ಮೊದಲ ಟರ್ಮಿನಲ್ ವಿಲ್ಹೆಮ್ಸ್‌ಹಾಫೆನ್‌ನಲ್ಲಿ ಶುರುವಾದದ್ದು 2022ರ ಡಿಸೆಂಬರಿನಲ್ಲಿ, ಕಡಲಡಿಯ ಕೊಳವೆಗಳು ಸ್ಫೋಟಗೊಂಡು ಎರಡೂವರೆ ತಿಂಗಳಾದ ಮೇಲೆ.

ಸುಜಾದ ಕಥೆ ಇನ್ನೂ ಸ್ವಲ್ಪ ಇದೆ. 2024ರ ಆಗಸ್ಟಿನಲ್ಲಿ ಉಕ್ರೇನ್ ಸೇನೆ ಗಡಿ ದಾಟಿ ಆ ಊರನ್ನೇ ಹಿಡಿಯಿತು. ರಷ್ಯಾದ ಗ್ಯಾಸ್ ಅಳೆಯುವ ಕೇಂದ್ರ ಉಕ್ರೇನ್ ಸೈನಿಕರ ಕೈಯಲ್ಲಿ. ಗ್ಯಾಸ್ ಮಾತ್ರ ಆಗಲೂ ನಿಲ್ಲಲಿಲ್ಲ. ವರ್ಷಾಂತ್ಯಕ್ಕೆ ಒಪ್ಪಂದದ ಅವಧಿ ಮುಗಿಯಿತು, ಉಕ್ರೇನ್ ನವೀಕರಿಸಲಿಲ್ಲ, ಕೊಳವೆ ಬರಿದಾಯಿತು. 2025ರ ಮಾರ್ಚಿನಲ್ಲಿ ಊರನ್ನು ಮರಳಿ ಹಿಡಿಯಲು ರಷ್ಯಾದ ಸೈನಿಕರು ಅದೇ ಖಾಲಿ ಕೊಳವೆಯೊಳಗೆ ಇಳಿದರು. ಒಳಗಿನ ಎತ್ತರ ಸುಮಾರು 1.4 ಮೀಟರ್, ಬೆನ್ನು ಬಗ್ಗಿಸಿಯೇ ನಡೆಯಬೇಕು. ಉಳಿದಿದ್ದ ಮೀಥೇನಿನ ನಡುವೆ ಉಸಿರುಗಟ್ಟಿಕೊಂಡು ಸುಮಾರು 15 ಕಿಲೋಮೀಟರ್ ಸಾಗಿ, ದಿನಗಟ್ಟಲೆ ಅಲ್ಲೇ ಕಾದು, ಊರಿನ ಅಂಚಿನಲ್ಲಿ ಮೇಲೆ ಬಂದರು.