ಬೊಗಳಿದ ಹತ್ತು ನಿಮಿಷಕ್ಕೆ ಸಿಗುವ ಬಿಸ್ಕತ್ತು

"ಬೊಗಳಿದರೆ ಗಮನ ಕೊಡಬೇಡಿ ಅಂದ್ರಲ್ಲ, ಮಾಡಿ ನೋಡಿದ್ವಿ. ಇನ್ನೂ ಜಾಸ್ತಿ ಆಯ್ತು." ನಾಯಿಗಳ ತರಬೇತಿಗೆ ಹೋದಲ್ಲೆಲ್ಲ ನಾನು ಕೇಳುವ ಮಾತು ಇದು. ಎಷ್ಟು ಹೊತ್ತು ತಡೆದುಕೊಂಡಿರಿ ಅಂತ ಕೇಳುತ್ತೇನೆ. "ಹತ್ತು ನಿಮಿಷ ಇರಬಹುದು. ಆಮೇಲೆ ತಲೆನೋವು ಬಂತು, ಒಂದು ಬಿಸ್ಕತ್ತು ಕೊಟ್ಟು ಸುಮ್ನಾಗಿಸಿದ್ವಿ."

ಅಲ್ಲಿಗೆ ನೀವು ನಾಯಿಗೆ ಕಲಿಸಿದ್ದು ಹತ್ತು ನಿಮಿಷ ಬಿಡದೆ ಬೊಗಳುವುದನ್ನು. ಮೊದಲು ಎರಡು ಸಲ ಬೊಗಳಿದರೆ ಸಿಗುತ್ತಿತ್ತು. ಈಗ ಹತ್ತು ನಿಮಿಷ ಬೊಗಳಿದರೆ ಸಿಗುತ್ತದೆ. ನಾಳೆ ಹದಿನೈದು ನಿಮಿಷ ತಡೆದುಕೊಂಡು ಸೋತರೆ, ಅದು ಹದಿನೈದು ನಿಮಿಷ ಬೊಗಳಲು ಕಲಿಯುತ್ತದೆ. ಒಮ್ಮೆ ಕೊಟ್ಟು ಒಮ್ಮೆ ಬಿಟ್ಟರಂತೂ ಆ ಚಟ ಇನ್ನೂ ಗಟ್ಟಿಯಾಗುತ್ತದೆ. ಯಾವಾಗಲೋ ಒಮ್ಮೆ ಫಲ ಸಿಗುವ ಅಭ್ಯಾಸವನ್ನು ಬಿಡಿಸುವುದೇ ಕಷ್ಟ ಅನ್ನುವುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲಿನ ಪ್ರಯೋಗಗಳಲ್ಲಿ 20ನೇ ಶತಮಾನದಲ್ಲೇ ತೋರಿಸಿಕೊಟ್ಟರು. ನಿಮ್ಮ ನಾಯಿಯೂ ಹಾಗೆಯೇ ಕಲಿಯುತ್ತದೆ.

ಇನ್ನೊಂದು ವಿಷಯ ಮೊದಲೇ ಗೊತ್ತಿರಬೇಕು. ಕೊಡುವುದನ್ನು ನಿಲ್ಲಿಸಿದ ಕೂಡಲೇ ಬೊಗಳುವುದು ಕಡಿಮೆಯಾಗದೆ, ಎಷ್ಟೋ ಸಲ ಮೊದಲು ಏರುತ್ತದೆ. ಟಿವಿ ರಿಮೋಟ್ ಕೆಲಸ ಮಾಡದಿದ್ದರೆ ನಾವು ಅದೇ ಬಟನ್ನನ್ನು ಜೋರಾಗಿ ನಾಲ್ಕು ಸಲ ಒತ್ತುತ್ತೇವೆ, ಅಲ್ವಾ? ನಾಯಿಯೂ ಅಷ್ಟೇ ಮಾಡುತ್ತದೆ. ಆ ಏರಿಕೆ ಕಂಡರೆ ದಾರಿ ಸರಿಯಿದೆ ಅಂತ ಅರ್ಥ. ಆದರೆ ಹೆಚ್ಚಿನವರು ಕೈಚೆಲ್ಲುವುದು ಸರಿಯಾಗಿ ಅಲ್ಲಿಯೇ. ತಡೆದುಕೊಳ್ಳಲು ಆಗುವುದೇ ಇಲ್ಲ ಅನ್ನಿಸಿದರೆ ದಯವಿಟ್ಟು ಮೊದಲ ಬೊಗಳಿಗೇ ಕೊಟ್ಟುಬಿಡಿ. ಹತ್ತು ನಿಮಿಷದ ನಂತರ ಕೊಡುವುದಕ್ಕಿಂತ ಅದರಿಂದ ಹಾನಿ ಕಡಿಮೆ.

ಕೊಡುವುದು ಅಂದರೆ ಬಿಸ್ಕತ್ತು ಮಾತ್ರವಲ್ಲ. ನಿಮ್ಮ ಗಮನಕ್ಕಾಗಿ ಬೊಗಳುವ ನಾಯಿಗೆ ನೀವು ತಿರುಗಿ ನೋಡಿದರೂ ಸಿಕ್ಕ ಹಾಗೆ. "ಏಯ್, ಸುಮ್ನಿರು!" ಅಂತ ಗದರಿದರೂ ಸಿಕ್ಕ ಹಾಗೆಯೇ. ಒಂದು ಮನೆಯಲ್ಲಿ ಎಲ್ಲರೂ ಪಟ್ಟು ಹಿಡಿದು ಕೂತಿದ್ದರು, ನಾಯಿ ಮಾತ್ರ ಜಗ್ಗಲಿಲ್ಲ. ಕೊನೆಗೆ ನೋಡಿದರೆ, ಅದು ಕೂಗಿದಾಗಲೆಲ್ಲ ಅಜ್ಜ ಮಂಚದಿಂದಲೇ "ಏನೋ ಮರಿ, ಏನ್ ಬೇಕೋ?" ಅಂತ ಕೇಳುತ್ತಿದ್ದರು. ಅವರ ಪ್ರೀತಿ ನೋಡಿ ನನಗೆ ಏನು ಹೇಳಲೂ ಮನಸ್ಸಾಗಲಿಲ್ಲ. ನಾಯಿ ಸುಮ್ಮನೆ ಮಲಗಿದ್ದಾಗ ಹಾಗೆಯೇ ಮಾತಾಡಿಸಿ ಅಂದೆ. ಅಜ್ಜನಿಗೂ ಖುಷಿ, ನಾಯಿಗೂ ಖುಷಿ. ಕೂಗಾಟ ನಿಧಾನವಾಗಿ ಇಳಿಯಿತು.

ಜನ ಮರೆಯುವುದೇ ಇದನ್ನು. ಬೊಗಳುವ ನಾಯಿ ಎಲ್ಲರ ಕಣ್ಣಿಗೆ ಬೀಳುತ್ತದೆ, ಸುಮ್ಮನಿರುವ ನಾಯಿಯನ್ನು ಯಾರೂ ನೋಡುವುದಿಲ್ಲ. ಬೊಗಳಿ ನಿಲ್ಲಿಸಿದ ಎರಡು ಸೆಕೆಂಡಿಗೆ ತಿನ್ನಲು ಏನಾದರೂ ಕೊಡಿ. ಆಮೇಲೆ ಐದು ಸೆಕೆಂಡು, ಹತ್ತು ಸೆಕೆಂಡು ಅಂತ ಎಳೆಯುತ್ತಾ ಹೋಗಿ. ಆದರೆ ಪ್ರತಿಸಲ ಬೊಗಳಿ ನಿಲ್ಲಿಸಿದ ಮೇಲಷ್ಟೇ ಕೊಟ್ಟರೆ, ನಿಲ್ಲಿಸುವುದಕ್ಕಾಗಿಯೇ ಬೊಗಳಲು ಶುರುಮಾಡುವ ಜಾಣ ನಾಯಿಗಳೂ ಇವೆ. ಹಾಗಾಗಿ ಬೊಗಳದೇ ಇದ್ದ ಹೊತ್ತಿನಲ್ಲೂ ಆಗಾಗ ಕೊಡಿ.

ಇಷ್ಟೆಲ್ಲ ಹೇಳಿದ್ದು ಏನಾದರೂ ಬೇಕು ಅಂತ ಬೊಗಳುವ ನಾಯಿಯ ಬಗ್ಗೆ ಮಾತ್ರ. ಹೆದರಿ ಬೊಗಳುವ ನಾಯಿಯನ್ನು ಕಂಡೂ ಕಾಣದಂತೆ ಬಿಡಬೇಡಿ. ಹೆದರಿಸುವ ವಸ್ತುವಿನಿಂದ ದೂರ ಕರೆದುಕೊಂಡು ಹೋಗಿ. ಗೇಟಿನ ಬಳಿ ಬೊಗಳುವ ನಾಯಿಯ ಕಥೆಯೂ ಬೇರೆ. ಕೊರಿಯರ್ ಹುಡುಗ ಬರುತ್ತಾನೆ, ಇದು ಬೊಗಳುತ್ತದೆ, ಅವನು ಹೋಗುತ್ತಾನೆ. ತಾನೇ ಓಡಿಸಿದೆ ಅನ್ನುವುದು ಅದರ ಲೆಕ್ಕ. ನೀವು ನೋಡದಿದ್ದರೂ ಅದಕ್ಕೆ ಬೇಕಾದ್ದು ಸಿಕ್ಕಾಯಿತು. ಅಲ್ಲಿ ರಸ್ತೆ ಕಾಣದಂತೆ ಮರೆ ಮಾಡುವುದೇ ಮೊದಲ ಕೆಲಸ. ಒಂಟಿಯಾಗಿ ಬಿಟ್ಟಾಗ ಮಾತ್ರ ಕಿರುಚುವ ನಾಯಿ, ವಯಸ್ಸಾದ ಮೇಲೆ ಇದ್ದಕ್ಕಿದ್ದಂತೆ ರಾತ್ರಿ ಬೊಗಳಲು ಶುರುಮಾಡಿದ ನಾಯಿ, ಇವೆರಡನ್ನೂ ಮೊದಲು ಪಶುವೈದ್ಯರಿಗೆ ತೋರಿಸಿ. ನೋವಿರಬಹುದು, ಕಣ್ಣು ಕಿವಿ ಮಂದವಾಗಿರಬಹುದು, ಮರೆವಿನ ಕಾಯಿಲೆಯೂ ಇರಬಹುದು. ನೋಡದೆ ನಾನು ಏನೂ ಹೇಳಲಾರೆ.

ಶಾಕ್ ಕೊಡುವ ಕಾಲರ್ ಮಾತ್ರ ನನ್ನನ್ನು ಕೇಳಬೇಡಿ. ವೇಲ್ಸ್‌ನಲ್ಲಿ 2010ರಲ್ಲೇ ಅದನ್ನು ನಿಷೇಧಿಸಿದ್ದಾರೆ. ಸದ್ದು ಅಡಗಬಹುದು, ಆದರೆ ಭಯ ಒಳಗೇ ಉಳಿಯುತ್ತದೆ. ಶಾಕ್ ಹೊಡೆದಾಗ ಎದುರಿಗೆ ಒಂದು ಮಗು ಹೋಗುತ್ತಿದ್ದರೆ, ಆ ನೋವು ಮಗುವಿನಿಂದಲೇ ಬಂತು ಅಂತ ನಾಯಿ ತಿಳಿದುಕೊಳ್ಳಬಹುದು.

ತರಬೇತಿ ಶುರುಮಾಡುವ ಮುಂಚೆ ಅಕ್ಕಪಕ್ಕದ ಮನೆಯವರಿಗೆ ಒಂದು ಮಾತು ಹೇಳಿಬಿಡಿ. ಕೆಲವು ದಿನ ಗಲಾಟೆ ಜಾಸ್ತಿ ಇರುತ್ತದೆ, ಬೇಜಾರು ಮಾಡ್ಕೋಬೇಡಿ ಅಂತ. ಅವರು ಬಂದು ಬಾಗಿಲು ಬಡಿಯುತ್ತಾರೆ ಅನ್ನುವ ಅಂಜಿಕೆಯಿಂದಲೇ ಎಷ್ಟೋ ಜನ ಐದನೇ ನಿಮಿಷಕ್ಕೆ ಬಿಸ್ಕತ್ತಿನ ಡಬ್ಬಿ ತೆಗೆಯುತ್ತಾರೆ.