ರಾಜಿಗೆ ಕೂರಿಸುವ ಮುನ್ನ

ಹೋಟೆಲ್ ಧಣಿಗೂ ಕೆಲಸದವನಿಗೂ, ಸೊಸೈಟಿಯ ಮೇಲಿನ ಮನೆಗೂ ಕೆಳಗಿನ ಮನೆಗೂ, ಸಂಘದ ಹಳೆಯ ಸಮಿತಿಗೂ ಹೊಸ ಸಮಿತಿಗೂ ಹುಟ್ಟಿದ ಜಗಳವನ್ನು ಊರಿನ ಹಿರಿಯರೊಬ್ಬರ ಮುಂದಿಡುವುದು ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. ಅಲ್ಲಿ ಬೇಕಾದದ್ದು ರಾಜಿ. ಎದುರಾಳಿಯ ಮುಂದೆ ಕೂರುವ ಚೈತನ್ಯ ನೊಂದವರಿಗೆ ಇದೆಯೇ ಎಂಬ ವಿಚಾರಣೆ ಅಪರೂಪ.

ಈ ಎಚ್ಚರ ಜಗತ್ತಿಗೂ ತಡವಾಗಿಯೇ ಬಂದಿತು. 1974ರಲ್ಲಿ ಕೆನಡಾದ ಎಲ್ಮೈರಾದಲ್ಲಿ ಇಬ್ಬರು ತರುಣರು ಒಂದೇ ರಾತ್ರಿ 22 ಕಡೆ ಹಾನಿ ಮಾಡಿದರು. ಪ್ರೊಬೇಷನ್ ಅಧಿಕಾರಿ ಮಾರ್ಕ್ ಯಾಂಟ್ಸಿಯವರ ಸಲಹೆಯಂತೆ ಅವರು ನೊಂದವರ ಮನೆಗಳಿಗೇ ಹೋಗಿ, ತಪ್ಪೊಪ್ಪಿ, ನಷ್ಟ ತುಂಬಿಕೊಟ್ಟರು. ಶಿಕ್ಷೆಯ ಬದಲು ಸರಿಪಡಿಸುವ ನ್ಯಾಯಕ್ಕೆ ಈ ಪ್ರಕರಣವನ್ನು ಮೊದಲ ಉದಾಹರಣೆಯಾಗಿ ಕೊಡುವುದುಂಟು. 1989ರಲ್ಲಿ ನ್ಯೂಜಿಲೆಂಡ್, ಅಲ್ಲಿನ ಮೂಲನಿವಾಸಿ ಮಾವೊರಿ ಜನರ ಕುಟುಂಬಸಭೆಯ ಪದ್ಧತಿಯನ್ನು ಬಾಲಕರ ಪ್ರಕರಣಗಳ ಕಾನೂನಿಗೆ ತಂದಿತು. ಮಾನಸಿಕ ಆಘಾತದ ತಿಳಿವಳಿಕೆ ಬೆಳೆದದ್ದು ಬೇರೆ ದಾರಿಯಲ್ಲಿ: ಆಘಾತೋತ್ತರ ಒತ್ತಡದ ಕಾಯಿಲೆ ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಗೆ ಸೇರಿದ್ದೇ 1980ರಲ್ಲಿ. ಸರಿಪಡಿಸುವ ನ್ಯಾಯವೂ ಆಘಾತದ ತಿಳಿವಳಿಕೆಯೂ ಕೂಡಲು ಮತ್ತಷ್ಟು ವರ್ಷ ಬೇಕಾಯಿತು.

ನಮ್ಮ ನಗರದ ಪಾಠ ಕಹಿಯಾದದ್ದು. 1984ರ ಹಿಂದೂ–ಮುಸ್ಲಿಂ ಗಲಭೆ ಕಂಡಿದ್ದ, ಮುಂಬಯಿ ಪಕ್ಕದ ಭಿವಂಡಿಯಲ್ಲಿ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಎರಡೂ ಧರ್ಮದವರ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. 1992–93ರಲ್ಲಿ ಮುಂಬಯಿ ಕೋಮುಗಲಭೆಯಲ್ಲಿ ಹೊತ್ತಿ ಉರಿದಾಗ ಆ ಊರು ಶಾಂತವಾಗಿತ್ತು. ಮುಂಬಯಿಯಲ್ಲಿ ಸತ್ತವರು 900 ಮಂದಿ ಎಂದಿತು ಆ ಗಲಭೆಯ ತನಿಖೆ ನಡೆಸಿದ ಶ್ರೀಕೃಷ್ಣ ಆಯೋಗ. ಆಮೇಲೆ ಪೊಲೀಸ್ ಅಧಿಕಾರಿಗಳಾಗಿ ಹೆಸರಾದ ಜೂಲಿಯೊ ರಿಬೆರೊ, ಸತೀಶ್ ಸಾಹ್ನಿ ಮೊದಲಾದವರು ಇಲ್ಲಿಯೂ ಅಂಥ ಸಮಿತಿಗಳನ್ನು ಬೆಳೆಸಿದರು. ಅವು ವದಂತಿ ತಡೆದವು, ನೆರೆಹೊರೆಯ ಮಾತುಕತೆ ಉಳಿಸಿದವು. ಸಣ್ಣ ಕೆಲಸವಲ್ಲ. ಆದರೆ ಮುಂದಿನ ಗಲಭೆ ತಡೆಯುವುದು ಬೇರೆ, ಹಿಂದಿನದರಲ್ಲಿ ಕಳೆದುಕೊಂಡವರ ಋಣ ತೀರಿಸುವುದು ಬೇರೆ. ಕಾಣೆಯಾದವರ ವಾರಸುದಾರರನ್ನು ಹುಡುಕಿ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟು 2022ರಲ್ಲಿಯೂ ಸರ್ಕಾರಕ್ಕೆ ಹೇಳಬೇಕಾಯಿತು.

2007ರಲ್ಲಿ ಮಹಾರಾಷ್ಟ್ರ ಆರಂಭಿಸಿದ ತಂಟಾಮುಕ್ತ ಗ್ರಾಮ ಅಭಿಯಾನ ವ್ಯಾಜ್ಯ ಮುಗಿಸಿದ ಹಳ್ಳಿಗಳಿಗೆ ಬಹುಮಾನ ಇಟ್ಟಿತು. ನನಗಿದು ಅಪಾಯದ ಆಮಿಷವಾಗಿಯೇ ಕಾಣುತ್ತದೆ. ಊರಿಗೆ ಹಣ ಬರುವಾಗ ‘ನಾನು ಒಪ್ಪುವುದಿಲ್ಲ’ ಎನ್ನುವವಳ ಪಾಡೇನು? 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಹೆಚ್ಚು ಜಾಣತನದ್ದು: ಸಂಧಾನಕ್ಕೆ ದೂರು ಕೊಟ್ಟ ಮಹಿಳೆಯೇ ಕೋರಬೇಕು, ಹಣ ಅದರ ಆಧಾರವಾಗಕೂಡದು. 2023ರ ಮಧ್ಯಸ್ಥಿಕೆ ಕಾಯ್ದೆಯೂ ನೆರೆಹೊರೆಯ ವ್ಯಾಜ್ಯಗಳಿಗೆ ಎರಡೂ ಕಡೆಯವರ ಒಪ್ಪಿಗೆ ಬೇಡುತ್ತದೆ.

ಆಘಾತವನ್ನು ಬಲ್ಲ ಮಧ್ಯಸ್ಥರು ಮೊದಲು ಇಬ್ಬರನ್ನೂ ಬೇರೆಬೇರೆಯಾಗಿ ಕಾಣುತ್ತಾರೆ. ನೊಂದವರು ತಮ್ಮ ನಂಬಿಕೆಯವರೊಬ್ಬರನ್ನು ಜೊತೆಗೆ ಕರೆತರಬಹುದು, ಬೇಕೆಂದಾಗ ಎದ್ದು ಹೋಗಬಹುದು. ಆಘಾತದ ನೆನಪು ಚೂರುಚೂರಾಗಿ ಬರುವುದುಂಟು. ತಾರೀಖು ತಪ್ಪಬಹುದು, ಕೆಲವರು ಮಾತೇ ಆಡುವುದಿಲ್ಲ, ಕೆಲವರು ನಗುತ್ತಾರೆ. ಪಂಚಾಯಿತಿಯ ಹಿರಿಯರು ಇದನ್ನು ಸುಳ್ಳಿನ ಲಕ್ಷಣವೆಂದು ಓದಿಬಿಡುತ್ತಾರೆ.

ಇದನ್ನು ಹೋಟೆಲಿನ ಜಗಳಕ್ಕೆ ಅನ್ವಯಿಸಿದರೆ ತೊಡಕು ತಿಳಿಯುತ್ತದೆ. ಧಣಿಯ ಕೋಣೆಯಲ್ಲೇ ಮಲಗಿ, ಅವನ ಅಡುಗೆಮನೆಯಲ್ಲೇ ಉಣ್ಣುವ ಹುಡುಗ ‘ಆಯಿತು’ ಎಂದರೆ ಅದಕ್ಕೆ ಬೆಲೆಯಿಲ್ಲ. ಅಂದಿನ ರಾತ್ರಿ ಅವನು ಎಲ್ಲಿ ಮಲಗುತ್ತಾನೆ, ಬಾಕಿ ಸಂಬಳ ಯಾರ ಕೈಯಲ್ಲಿದೆ ಎಂಬುದು ಮಾತುಕತೆಗೆ ಮೊದಲೇ ಇತ್ಯರ್ಥವಾಗಬೇಕು.