ಕಣಜ ಕಚ್ಚಿದರೆ ಊತ ನೋಡಬೇಡಿ, ಉಸಿರು ನೋಡಿ

ಹೋದ ವರ್ಷದ ಮಾರ್ಚ್. ನಮ್ಮ ಮಲೆನಾಡಿನಲ್ಲಿ ಕಾಳುಮೆಣಸು ಕೊಯ್ಲಿನ ಗಡಿಬಿಡಿ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿಯನ್ನು ಮನೆಮಂದಿಯೆಲ್ಲ ಸೇರಿ ಕ್ಲಿನಿಕ್ಕಿಗೆ ಕರೆತಂದರು. ಎಡಗಣ್ಣು ಪೂರ್ತಿ ಮುಚ್ಚಿತ್ತು. ಕೆನ್ನೆ ಬನ್ನಿನಂತೆ ಉಬ್ಬಿತ್ತು. ಹಿಂದಿನ ದಿನ ಸೌದೆ ತೆಗೆಯುವಾಗ ಕಣಜ ಕಚ್ಚಿತ್ತಂತೆ. ಸೊಸೆ ಅಳುತ್ತಿದ್ದಳು.

ಅವರ ಹಿಂದೆಯೇ ಒಂದು ಆಟೊ ಬಂತು. ಇಪ್ಪತ್ತೈದರ ಹುಡುಗ. ಮೆಣಸು ಕೊಯ್ಯಲು ಏಣಿ ಹತ್ತಿದ್ದಾಗ ಕುತ್ತಿಗೆಗೆ ಒಂದೇ ಒಂದು ಕಣಜ ಹೊಡೆದಿತ್ತು. ಅಲ್ಲಿ ಸುಣ್ಣ ಮೆತ್ತಿದ್ದರು. ಊತ ಅಂತ ಹೇಳುವಂಥದ್ದೇನೂ ಇರಲಿಲ್ಲ. "ಸ್ವಲ್ಪ ತಲೆ ಸುತ್ತುತ್ತೆ ಅಷ್ಟೇ, ಅಜ್ಜೀನ ಮೊದಲು ನೋಡಿ ಡಾಕ್ಟ್ರೇ" ಎಂದು ಗೋಡೆಗೆ ಒರಗಿ ನಿಂತ. ಅಂಗೈ ತುರಿಸಿಕೊಳ್ಳುತ್ತಿದ್ದ. ಅಂಗಿ ಎತ್ತಿ ನೋಡಿದರೆ ಹೊಟ್ಟೆ ತುಂಬ ಕೆಂಪು ದದ್ದು. ಬಿಪಿ ನೋಡಿದೆ. ಮೇಲಿನ ಅಂಕಿ 70. ಅಲ್ಲೇ ಮಲಗಿಸಿ ತೊಡೆಗೆ ಅಡ್ರಿನಾಲಿನ್ ಚುಚ್ಚಿದೆ. ಕಾಲು ಗಂಟೆಯಲ್ಲಿ ಮುಖಕ್ಕೆ ಬಣ್ಣ ಬಂತು. ಸಲೈನ್ ಹಾಕಿ, ತಾಲ್ಲೂಕು ಆಸ್ಪತ್ರೆಗೆ ಕಳಿಸಿ, ಒಂದು ರಾತ್ರಿ ಅಲ್ಲೇ ಇರಿಸಿದೆವು. ಅಜ್ಜಿಗೆ ಬೇಕಾಗಿದ್ದು ಐಸು ಮತ್ತು ಒಂದು ಮಾತ್ರೆ.

ಪ್ರತಿ ಬೇಸಿಗೆಯಲ್ಲೂ ನಾನು ಕಾಣುವುದು ಇದನ್ನೇ. ಹೆದರಬೇಕಾದ ಕಡೆ ಜನ ಹೆದರುವುದಿಲ್ಲ, ಬೇಡದ ಕಡೆ ಹೌಹಾರುತ್ತಾರೆ. ಹುಳದ ವಿಷಯದಲ್ಲೂ ಹಾಗೆಯೇ.

ಮೊದಲು ಹುಳದಿಂದ ಶುರು ಮಾಡೋಣ. ಕಣಜ, ಕಡಜ ಎಂದು ನಾವು ಕರೆಯುವುದು ಒಂದೇ ಜಾತಿಯನ್ನಲ್ಲ. ಸಪೂರ ಸೊಂಟ, ಉದ್ದ ಕಾಲು ನೇತುಬಿಟ್ಟುಕೊಂಡು ಹಾರುವ ಒಂದು ಹುಳ ಇದೆಯಲ್ಲ, ನೋಡಿದರೇ ಮೈ ಜುಂ ಎನ್ನುತ್ತದೆ. ಅದು ಕುಂಬಾರ ಹುಳ. ಮಣ್ಣಿನ ಮುದ್ದೆ ತಂದು ಗೋಡೆ ಮೂಲೆ, ಫೋಟೊ ಹಿಂದೆ, ಬೀಗದ ತೂತು, ಪ್ಲಗ್ಗಿನ ಸಾಕೆಟ್ಟಿನೊಳಗೆ ಗೂಡು ಕಟ್ಟುತ್ತದೆ. ಇದು ಒಂಟಿ ಜೀವಿ. ಕಾಯಲು ಸಂಸಾರವಿಲ್ಲ, ಹಾಗಾಗಿ ಗೂಡಿಗಾಗಿ ಜಗಳಕ್ಕೆ ಬರುವುದೂ ಇಲ್ಲ. ಕೈಯಲ್ಲಿ ಹಿಡಿದು ಹಿಸುಕಿದರೆ ಮಾತ್ರ ಚುಚ್ಚೀತು. ನನ್ನ ಇಷ್ಟು ವರ್ಷದ ವೃತ್ತಿಯಲ್ಲಿ ಕುಂಬಾರ ಹುಳ ಕಚ್ಚಿತು ಅಂತ ಬಂದವರು ಬೆರಳೆಣಿಕೆಯಷ್ಟು.

ಭ್ರಮರ-ಕೀಟ ನ್ಯಾಯ ಕೇಳಿದ್ದೀರಲ್ಲ? ಭ್ರಮರ ಒಂದು ಹುಳವನ್ನು ತಂದು ಗೂಡಿನಲ್ಲಿ ಮುಚ್ಚಿಟ್ಟು ಸುತ್ತಲೂ ಗುಂಯ್‌ಗುಡುತ್ತದೆ. ಒಳಗಿನ ಹುಳ ಅದನ್ನೇ ನೆನೆಯುತ್ತಾ ನೆನೆಯುತ್ತಾ ಕೊನೆಗೆ ಅದೇ ಆಗಿಬಿಡುತ್ತದೆ ಎನ್ನುವ ಮಾತು. ನೋಡಿದವರು ನೋಡಿದ್ದನ್ನು ಸರಿಯಾಗಿಯೇ ನೋಡಿದ್ದಾರೆ. ಹುಳ ಒಳಗೆ ಹೋಯಿತು, ಕಣಜ ಹೊರಗೆ ಬಂತು. ನಡುವೆ ನಡೆದದ್ದು ಬೇರೆ. ಕಣಜ ಕಂಬಳಿಹುಳವನ್ನೋ ಜೇಡವನ್ನೋ ಚುಚ್ಚಿ ಅಲುಗಾಡದಂತೆ ಮಾಡಿ, ಜೀವಂತವಾಗಿ ಗೂಡಿನಲ್ಲಿಟ್ಟು, ಜೊತೆಗೆ ಒಂದು ಮೊಟ್ಟೆ ಇಟ್ಟು ಬಾಯಿ ಮುಚ್ಚುತ್ತದೆ. ಮರಿ ಅದನ್ನು ತಿಂದು ಬೆಳೆದು ಹೊರಬರುತ್ತದೆ. ವೇದಾಂತಕ್ಕೆ ಒಳ್ಳೆಯ ಉಪಮೆ. ಕಂಬಳಿಹುಳದ ಅನುಭವ ಮಾತ್ರ ಬೇರೆ.

ಈ ಗೂಡನ್ನು ಬೇಡವಾದರೆ ಕೆರೆದು ತೆಗೆಯಿರಿ, ಅಷ್ಟೇ. ಸಾಕೆಟ್ಟಿನಲ್ಲಿದ್ದರೆ ಮೇನ್ ಸ್ವಿಚ್ ಆರಿಸಿ ತೆಗೆಯಿರಿ.

ಎರಡನೆಯದು ಸೂರಿನ ಕೆಳಗೆ, ಸಜ್ಜಾದ ಅಡಿಯಲ್ಲಿ ಕಾಗದದಂಥ ಗೂಡು ಕಟ್ಟುವ ಕಣಜ. ಸಣ್ಣ ತೊಟ್ಟಿಗೆ ತಾವರೆಕಾಯಿ ತಲೆಕೆಳಗಾಗಿ ನೇತುಬಿದ್ದಂತೆ ಕಾಣುತ್ತದೆ. ಉಣುಗೋಲು, ಬೇಲಿಯ ಬಿದಿರು, ಹಳೇ ಬಾಗಿಲು ಇವುಗಳಿಂದ ನಾರು ಕೆರೆದು, ಎಂಜಲಲ್ಲಿ ನೆನೆಸಿ ಈ ಕಾಗದ ಮಾಡುತ್ತದೆ. ನಮ್ಮ ಕಡೆ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಜಾತಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್‌ಕರ್ ದಶಕಗಳ ಕಾಲ ಅಭ್ಯಾಸ ಮಾಡಿದ್ದಾರೆ. ಅವರ ತಂಡ ಕಂಡುಕೊಂಡ ಒಂದು ಸಂಗತಿ ನನಗೆ ಬಹಳ ಇಷ್ಟ. ಈ ಗೂಡಿನ ರಾಣಿ ಮಹಾ ಸಾಧು. ಯಾರ ಮೇಲೂ ಜೋರು ಮಾಡುವುದಿಲ್ಲ. ರಾಣಿಯನ್ನು ತೆಗೆದುಬಿಟ್ಟರೆ ಕೆಲಸಗಾರ್ತಿಯರಲ್ಲಿ ಒಬ್ಬಳು ಇದ್ದಕ್ಕಿದ್ದಂತೆ ಎಲ್ಲರ ಮೇಲೆ ಎಗರಾಡಲು ಶುರುಮಾಡುತ್ತಾಳೆ. ಮುಂದಿನ ರಾಣಿ ಅವಳೇ. ಪಟ್ಟ ಗಟ್ಟಿಯಾದ ಮೇಲೆ ಅವಳೂ ಸಾಧು.

ಇದನ್ನು ಹೇಳಲು ಇನ್ನೊಂದು ಕಾರಣವೂ ಇದೆ. ಇಂಟರ್‌ನೆಟ್ಟಿನಲ್ಲಿ ಕಣಜದ ಬಗ್ಗೆ ಸಿಗುವ ಸಲಹೆ ಹೆಚ್ಚಿನದು ಯುರೋಪು, ಅಮೆರಿಕದ್ದು. ಚಳಿಗಾಲದವರೆಗೆ ಕಾಯಿರಿ, ಗೂಡು ತಾನೇ ಸಾಯುತ್ತದೆ ಅಂತ ಅಲ್ಲಿ ಬರೆದಿರುತ್ತಾರೆ. ಅಲ್ಲಿಗೆ ಅದು ಸರಿ. ನಮ್ಮ ಚಳಿಗೆ ಯಾವ ಕಣಜವೂ ಸಾಯುವುದಿಲ್ಲ. ರೊಪಾಲಿಡಿಯಾ ವರ್ಷದ ಯಾವ ತಿಂಗಳಲ್ಲಾದರೂ ಹೊಸ ಗೂಡು ಹೂಡಬಲ್ಲದು.

ಹಾಗಾದರೆ ಬೇಸಿಗೆಯಲ್ಲೇ ಯಾಕೆ ಕಾಟ ಜಾಸ್ತಿ ಅನ್ನಿಸುತ್ತದೆ? ಒಂದು, ನೀರು. ಗೂಡು ಕಾದರೆ ನೀರು ತಂದು ಚಿಮುಕಿಸಿ ರೆಕ್ಕೆಯಿಂದ ಗಾಳಿ ಹಾಕುತ್ತವೆ. ಹಳ್ಳ ಬತ್ತಿದ ಮೇಲೆ ನಿಮ್ಮ ಬಚ್ಚಲ ತೊಟ್ಟಿ, ಸೋರುವ ನಲ್ಲಿಯೇ ಗತಿ. ಎರಡು, ಸಿಹಿ. ಉದುರಿದ ಮಾವು, ಹಲಸಿನ ತೊಳೆ, ಗೇರುಹಣ್ಣು, ಕಬ್ಬಿನ ಹಾಲಿನ ಅಂಗಡಿ. ಮೂರನೆಯದು ನಾವೇ. ತರಗೆಲೆ ಗುಡಿಸುವುದು, ಸೊಪ್ಪು ಕಡಿಯುವುದು, ಮೆಣಸು ಕೊಯ್ಯುವುದು, ಹಂಚು ಕೈಯಾಡಿಸುವುದು, ಎಲ್ಲವನ್ನೂ ಇದೇ ತಿಂಗಳುಗಳಲ್ಲಿ ಮಾಡುತ್ತೇವೆ. ಅವುಗಳ ಮನೆಗೆ ಕೈ ಹಾಕುವುದು ನಾವು, ಅಲ್ವಾ?

ಆದ್ದರಿಂದ ನಲ್ಲಿ ರಿಪೇರಿ ಮಾಡಿಸಿ. ಬಿದ್ದ ಹಣ್ಣನ್ನು ಸಂಜೆಯೊಳಗೆ ಎತ್ತಿ. ತೋಟದ ಮೂಲೆಯಲ್ಲಿ ಒಂದು ಅಗಲ ಬಾನಿಯಲ್ಲಿ ನೀರಿಡಿ. ನಾನು ಹಾಗೆ ಇಟ್ಟ ಮೇಲೆ ಬಚ್ಚಲಿಗೆ ಬರುವುದು ಕಡಿಮೆಯಾಗಿದೆ. ಮೂರು ದಿನಕ್ಕೊಮ್ಮೆ ಚೆಲ್ಲಿ ತುಂಬಬೇಕು, ಇಲ್ಲದಿದ್ದರೆ ಸೊಳ್ಳೆ. ಬಾಟಲಿಯಲ್ಲಿ ಬೆಲ್ಲದ ನೀರು ಕಟ್ಟುವ ಉಪಾಯ ಬೇಡ. ಇಲ್ಲದ ಕಣಜವನ್ನೂ ಕರೆದಂತಾಗುತ್ತದೆ, ಪಾಪದ ಜೇನುನೊಣವೂ ಬಿದ್ದು ಸಾಯುತ್ತದೆ.

ಎಲ್ಲ ಗೂಡನ್ನೂ ತೆಗೆಯಬೇಕಿಲ್ಲ. ಕಾಗದದ ಗೂಡಿನ ಕಣಜ ತನ್ನ ಮರಿಗಳಿಗೆ ಉಣಿಸುವುದು ಕಂಬಳಿಹುಳವನ್ನು ಅಗಿದು ಮಾಡಿದ ಉಂಡೆಯನ್ನು. ಕರಿಬೇವು, ನಿಂಬೆ, ಎಲೆಕೋಸು ಬೆಳೆಯುವವರಿಗೆ ಇದು ಪುಕ್ಕಟೆ ಆಳು. ಓಡಾಡದ ಜಾಗ, ಕೈಗೆಟುಕದ ಎತ್ತರವಾದರೆ ಇರಲಿ ಬಿಡಿ. ಬಾಗಿಲು, ಬಚ್ಚಲು, ಮಕ್ಕಳ ಉಯ್ಯಾಲೆ, ಗೇಟಿನ ಪೈಪು, ಮೀಟರ್ ಬಾಕ್ಸ್ ಆದರೆ ತೆಗೆಯಬೇಕು. ನಾಲ್ಕಾರು ಕೋಣೆಯ ಪುಟ್ಟ ಗೂಡು, ಮೇಲೆ ಒಂದೆರಡು ಹುಳ ಇರುವಾಗಲೇ ಬೆಳಿಗ್ಗೆ ಬೇಗ ಉದ್ದ ಕೋಲಿನಿಂದ ಬೀಳಿಸಿ. ಹತ್ತಿಪ್ಪತ್ತು ಹುಳ ಇದ್ದರೆ ತುಂಬುತೋಳಿನ ಅಂಗಿ ತೊಟ್ಟು, ಮುಖಕ್ಕೆ ಬಟ್ಟೆ ಸುತ್ತಿ, ಕತ್ತಲಾದ ಮೇಲೆ ದೂರದಿಂದ ಸೋಪಿನ ನೀರು ಜೋರಾಗಿ ಸಿಂಪಡಿಸಿ. ಸೋಪು ಅವುಗಳ ಉಸಿರಾಟದ ತೂತು ಮುಚ್ಚುತ್ತದೆ. ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿಕೊಳ್ಳಿ. ಕೆಂಪು ಅವಕ್ಕೆ ಸರಿಯಾಗಿ ಕಾಣುವುದಿಲ್ಲ. ಬಿಳಿ ಬೆಳಕಾದರೆ ನೇರ ನಿಮ್ಮ ಕೈಗೇ ಬರುತ್ತವೆ. ಹಿಂದೆ ಯಾವಾಗಲಾದರೂ ಕಚ್ಚಿ ಮೈಯೆಲ್ಲ ದದ್ದು ಎದ್ದವರು ಈ ಕೆಲಸಕ್ಕೆ ಕೈ ಹಾಕಲೇಬಾರದು.

ಸೂಡಿ ಹಚ್ಚಿ ಸುಡುವ ಪದ್ಧತಿ ನಮ್ಮಲ್ಲಿದೆ. ಬೇಡ. ಒಣಗಿದ ಏಪ್ರಿಲ್ಲಿನಲ್ಲಿ ಒಬ್ಬರು ಕಣಜ ಸುಡಲು ಹೋಗಿ ಕೊಟ್ಟಿಗೆಯ ಹುಲ್ಲು ಸುಟ್ಟುಕೊಂಡರು. ನನ್ನ ಬಳಿ ಬಂದದ್ದು ಸುಟ್ಟ ಮುಂಗೈಗೆ. ಕಣಜ ಒಂದೂ ಕಚ್ಚಿರಲಿಲ್ಲ.

ಮೂರನೆಯದು ದೊಡ್ಡ ಕಣಜ. ಕಪ್ಪು ಮೈ, ಹೊಟ್ಟೆಗೆ ಅಗಲವಾದ ಹಳದಿ ಪಟ್ಟಿ, ಹೆಚ್ಚುಕಡಿಮೆ ಒಂದಂಗುಲ ಉದ್ದ. ಇದು ಕಾಗದದ ಗೂಡಿನ ಕಣಜಗಳಿಗೂ ಯಮ. ಇದು ಬಂದರೆ ಅವು ಗೂಡು ಬಿಟ್ಟು ಪಕ್ಕದಲ್ಲಿ ಕೂತು ತಮ್ಮ ಮರಿಗಳನ್ನು ತಿನ್ನುವುದನ್ನು ಸುಮ್ನೆ ನೋಡುತ್ತವೆ. ಮರದ ಕೊಂಬೆಯಲ್ಲಿ ಕಂದು ಗೆರೆಗಳ ಚೆಂಡಿನಂಥ ಗೂಡು, ಇಲ್ಲವೇ ಮರದ ಪೊಟರೆ, ನೆಲದ ಬಿಲ. ಈ ಗೂಡಿನ ಹತ್ತಿರ ನಿಮ್ಮ ಯಾವ ಉಪಾಯವೂ ಬೇಡ. ಕಳೆ ಕತ್ತರಿಸುವ ಯಂತ್ರವನ್ನಂತೂ ಹತ್ತಿರ ಒಯ್ಯಬೇಡಿ, ಸದ್ದು ಮತ್ತು ನಡುಕಕ್ಕೆ ಎದ್ದುಬರುತ್ತವೆ. ಒಂದನ್ನು ಹೊಸಕಿ ಹಾಕಿದರೆ ಅದರ ವಿಷದ ವಾಸನೆಗೆ ಉಳಿದವು ಬರುತ್ತವೆ. ಕೆಲಸ ಗೊತ್ತಿರುವವರನ್ನೇ ಕರೆಸಿ. ಎದ್ದುಬಂದರೆ ಮುಖ ಮುಚ್ಚಿಕೊಂಡು ಓಡಿ ಮನೆಯೊಳಗೆ ಸೇರಿ ಬಾಗಿಲು ಹಾಕಿಕೊಳ್ಳಿ. ಅಲ್ಲೇ ನಿಂತು ಕೈ ಬೀಸಬೇಡಿ.

ಇಷ್ಟೆಲ್ಲ ಹೇಳುವ ನಾನು ಕಚ್ಚಿಸಿಕೊಂಡಿಲ್ಲವೇ? ಒಂದು ವಾರ ಊರಿಗೆ ಹೋಗಿ ಬಂದು, ಮೊಳೆಗೆ ನೇತುಹಾಕಿದ್ದ ಹೆಲ್ಮೆಟ್ ತೆಗೆದು ಹಾಗೇ ತಲೆಗೆ ಹಾಕಿಕೊಂಡೆ. ಒಳಗೆ ಗೂಡು. ಕಿವಿಗೆ ಎರಡು ಏಟು. ಅಮ್ಮ ಸುಣ್ಣದ ಡಬ್ಬಿ ಹಿಡಿದು ಓಡಿ ಬಂದರು.

ಸುಣ್ಣ ಬೇಡ. ವಿಷ ಚರ್ಮದ ಒಳಗೆ ಇಳಿದಾಗಿದೆ. ಮೇಲೆ ಹಚ್ಚಿದ ಸುಣ್ಣ, ವಿನೆಗರ್, ಈರುಳ್ಳಿ ಅಲ್ಲಿಗೆ ತಲುಪುವುದಿಲ್ಲ. ಸುಣ್ಣ ಚರ್ಮವನ್ನೂ ಸುಡುತ್ತದೆ. ಹಾವು ಕಚ್ಚಿದಂತೆ ಹಗ್ಗ ಬಿಗಿಯುವುದೂ ಬೇಡ. ಕಣಜ ಸಾಮಾನ್ಯವಾಗಿ ಕೊಂಡಿ ಬಿಟ್ಟು ಹೋಗುವುದಿಲ್ಲ, ಜೇನು ಬಿಡುತ್ತದೆ. ಹಾಗಾಗಿ ಮುಳ್ಳು ಹುಡುಕುತ್ತಾ ಹಿಸುಕಬೇಡಿ. ಕೊಂಡಿ ಬಿಡದ ಕಾರಣ ಒಂದೇ ಕಣಜ ನಾಲ್ಕು ಸಲ ಹೊಡೆಯಬಲ್ಲದು ಎನ್ನುವುದು ನೆನಪಿರಲಿ. ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಡಿ. ಕೈಗೆ ಕಚ್ಚಿದ್ದರೆ ಉಂಗುರ, ಬಳೆ ತಕ್ಷಣ ತೆಗೆಯಿರಿ. ಆಮೇಲೆ ತೆಗೆಯಲು ಅಕ್ಕಸಾಲಿಗರು ಬೇಕಾಗುತ್ತದೆ. ತುರಿಕೆಗೆ ಸೆಟ್ರಿಜಿನ್, ನೋವಿಗೆ ಪ್ಯಾರಾಸಿಟಮಾಲ್ ಸಾಕು. ಊತ ಎರಡನೇ ದಿನ ಇನ್ನೂ ಹೆಚ್ಚಾಗುತ್ತದೆ. ಪೂರ್ತಿ ಇಳಿಯಲು ವಾರ ಬೇಕಾಗಬಹುದು. ಅದು ಕೀವಲ್ಲ. ಆ್ಯಂಟಿಬಯೊಟಿಕ್ ಕೊಡಿ ಎಂದು ನನ್ನ ಹತ್ತಿರ ಜಗಳವಾಡಬೇಡಿ. ಕಣ್ಣುಗುಡ್ಡೆಗೆ, ಬಾಯೊಳಗೆ, ಗಂಟಲಿಗೆ ಕಚ್ಚಿದ್ದರೆ ಮಾತ್ರ ಕಾಯದೆ ಬನ್ನಿ.

ಈಗ ಆ ಹುಡುಗನ ವಿಷಯ. ಕಚ್ಚಿದ ಮೊದಲ ಅರ್ಧ ಗಂಟೆ ಕಚ್ಚಿದ ಜಾಗ ನೋಡಬೇಡಿ, ಇಡೀ ಮನುಷ್ಯನನ್ನು ನೋಡಿ. ಕಚ್ಚಿದ್ದು ಕಾಲಿಗೆ, ದದ್ದು ಹೊಟ್ಟೆಗೆ ಎದ್ದಿದೆಯೇ? ಅಂಗೈ, ಅಂಗಾಲು ತುರಿಸುತ್ತಿದೆಯೇ? ತುಟಿ, ನಾಲಿಗೆ ದಪ್ಪವಾಗಿದೆಯೇ? ದನಿ ಒಡೆದಿದೆಯೇ, ಉಸಿರಿಗೆ ಸುಯ್ ಎನ್ನುತ್ತಿದೆಯೇ? ವಾಂತಿ, ತಲೆಸುತ್ತು, ಕಣ್ಣು ಕತ್ತಲೆ ಇದೆಯೇ? ಇದು ಮೈಯೆಲ್ಲ ಹರಡುವ ಅಲರ್ಜಿ. ಇದಕ್ಕೆ ಮದ್ದು ಅಡ್ರಿನಾಲಿನ್. ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ, ಬೇಕಾದರೆ ಐದು ನಿಮಿಷಕ್ಕೆ ಇನ್ನೊಂದು. ಸೆಟ್ರಿಜಿನ್ನಾಗಲಿ ಸ್ಟಿರಾಯ್ಡ್ ಚುಚ್ಚುಮದ್ದಾಗಲಿ ಇದರ ಜಾಗ ತುಂಬುವುದಿಲ್ಲ. 108ಕ್ಕೆ ಫೋನ್ ಮಾಡಿ. ಅಂಗಾತ ಮಲಗಿಸಿ, ಕಾಲು ಎತ್ತಿಡಿ. ಉಸಿರು ಕಟ್ಟುತ್ತಿದ್ದರೆ ಒರಗಿ ಕೂರಲಿ. ಎಬ್ಬಿಸಿ ನಡೆಸಬೇಡಿ, ಬೈಕಿನ ನಡುವೆ ಕೂರಿಸಿ ತರಬೇಡಿ. ಬಿಪಿ ಕುಸಿದವರು ಎದ್ದು ನಿಂತ ಗಳಿಗೆಯಲ್ಲೇ ಹೃದಯ ನಿಂತುಹೋಗಬಹುದು. "ನನಗೆ ಹತ್ತು ಸಲ ಕಚ್ಚಿದೆ, ಏನೂ ಆಗಿಲ್ಲ" ಅನ್ನುವ ಧೈರ್ಯ ಬೇಡ. ಈ ಅಲರ್ಜಿ ಬರಲು ಸಾಮಾನ್ಯವಾಗಿ ಹಿಂದೆ ಕಚ್ಚಿರಲೇಬೇಕು. ಬಿಪಿ ಅಥವಾ ಹೃದಯದ ಮಾತ್ರೆ ನುಂಗುವವರಾದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಕೆಲವು ಮಾತ್ರೆಗಳು ಅಡ್ರಿನಾಲಿನ್ ಕೆಲಸಕ್ಕೆ ಅಡ್ಡಬರುತ್ತವೆ.

ಗುಂಪಾಗಿ ಬಂದು ಹತ್ತಾರು ಕಡೆ ಹೊಡೆದರೆ ಲೆಕ್ಕವೇ ಬೇರೆ. ಅಲ್ಲಿ ಅಲರ್ಜಿ ಇಲ್ಲದಿದ್ದರೂ ವಿಷವೇ ಸಾಕು. ಸ್ನಾಯು ಕರಗಿ, ರಕ್ತಕಣ ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಮೋಸ ಏನೆಂದರೆ ಮೊದಲ ದಿನ ರೋಗಿ ಮಾತಾಡಿಕೊಂಡು ಚೆನ್ನಾಗಿಯೇ ಇರುತ್ತಾನೆ. ಮರುದಿನ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಇಲ್ಲವೇ ನಿಂತೇಹೋಗುತ್ತದೆ. ಇಂಥವರನ್ನು ಡಯಾಲಿಸಿಸ್ ಇರುವ ಆಸ್ಪತ್ರೆಗೆ ಮೊದಲ ದಿನವೇ ಕಳಿಸುತ್ತೇನೆ. ಮನೆಯವರು "ಆರಾಮಾಗಿದ್ದಾನಲ್ಲ ಡಾಕ್ಟ್ರೇ" ಅಂತಾರೆ. ಹೌದು, ಇವತ್ತು.

ವಿದೇಶಗಳಲ್ಲಿ ಇಂಥ ಅಲರ್ಜಿಯವರು ಅಡ್ರಿನಾಲಿನ್ ತುಂಬಿದ ಪೆನ್ನು ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ಆ ಮೆಣಸಿನ ಹುಡುಗನಿಗೂ ಅವನ ಅಣ್ಣನಿಗೂ ಮಾಮೂಲಿ ಸಿರಿಂಜಿನಲ್ಲಿ ಅರ್ಧ ಮಿಲಿ ಎಳೆಯುವುದನ್ನು ಕಿತ್ತಳೆ ಹಣ್ಣಿನ ಮೇಲೆ ಕಲಿಸಿದೆ. ಅಣ್ಣನ ಕೈ ಮೊದಲೆರಡು ಸಲ ನಡುಗಿತು, ಮೂರನೆಯ ಸಲ ಸರಿಯಾಯಿತು. ಈ ವರ್ಷ ಏಣಿ ಹತ್ತುವುದು ಅಣ್ಣ. ತಮ್ಮ ಕಣದಲ್ಲಿ ಕೂತು ಮೆಣಸು ಬಿಡಿಸುತ್ತಾನೆ, ಪಕ್ಕದಲ್ಲಿ ಹಳೇ ಟಿಫಿನ್ ಡಬ್ಬಿಯೊಳಗೆ ಸಿರಿಂಜು.